ವೈ-ಡಿಎನ್‌ಎ ಪರೀಕ್ಷೆಯಿಂದ ‘ಕೆನಡಿ’ ಮನೆತನದ ಮೂಲ ತಿಳಿಯುತ್ತದೆಯೇ?

ಓದುಗರ ಪ್ರಶ್ನೆ: ನಾನು ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದು, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಆಂಗ್ಲೋ-ಇಂಡಿಯನ್. ವಯಸ್ಸು 64. ನಮ್ಮ ಮನೆತನದ ಹೆಸರು ಕೆನಡಿ. ನಾವು ಐರ್ಲೆಂಡಿನ ಟಿಪರರಿ ಕಡೆಯವರು, ಬ್ರಿಯನ್ ಬೋರು ಎಂಬ ಅರಸನ ವಂಶದವರು, ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ದೂರದ ನೆಂಟರು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮಲ್ಲಿರುವ ಅತಿ ಹಳೆಯ ಕಾಗದವೆಂದರೆ ನನ್ನ ಮುತ್ತಾತನ 1874ರ ದೀಕ್ಷಾಸ್ನಾನದ ನಮೂದು. ಅದು ಬೆಂಗಳೂರು ದಂಡಿನ ಸೇಂಟ್ ಆಂಡ್ರ್ಯೂಸ್ ಚರ್ಚಿನದು. ಮಗುವಿನ ತಂದೆಯ ಉದ್ಯೋಗ ‘ಪಿಂಚಣಿದಾರ’ ಎಂದಿದೆ. ಆಸ್ಟ್ರೇಲಿಯದ ಪರ್ತ್‌ನಲ್ಲಿರುವ ನನ್ನ ದೊಡ್ಡಪ್ಪನ ಮಗ ಕಳೆದ ವರ್ಷ ಜೊಲ್ಲಿನ ಪರೀಕ್ಷೆ ಮಾಡಿಸಿದ. ಅವನ ಗುಂಪು ‘ಆರ್-ಎಂ222’ ಎಂದೂ, ಇದು ‘ಒಂಬತ್ತು ಒತ್ತೆಯಾಳುಗಳ ನಿಯಾಲ್’ ಎಂಬ ದೊರೆಯ ಸಂತತಿಯ ಗುರುತೆಂದೂ ವರದಿ ಬಂತು. ಅವನು ಕೆನಡಿ ಕುಲದ ಲಾಂಛನದ ಫಲಕವನ್ನೂ ತರಿಸಿ ಗೋಡೆಗೆ ಹಾಕಿದ್ದಾನೆ. ನಾವು ಬ್ರಿಯನ್ನನ ಕಡೆಯವರೋ ನಿಯಾಲನ ಕಡೆಯವರೋ? ನಾನೂ ದೊಡ್ಡ ಪರೀಕ್ಷೆ ಮಾಡಿಸಲೇ? ನನ್ನದು ಅವನದಕ್ಕೆ ಹೊಂದದಿದ್ದರೆ ಏನು ಗತಿ? ‘ಋಷಿಮೂಲ, ನದಿಮೂಲ ಕೆದಕಬಾರದು’ ಎನ್ನುತ್ತಾಳೆ ನನ್ನ ಹೆಂಡತಿ. ಮಗನಿಗೆ ಐರಿಷ್ ಪಾಸ್‌ಪೋರ್ಟಿನ ಆಸೆ ಬೇರೆ. ಮುತ್ತಾತನ ತಮ್ಮನ ಕಡೆಯವರು ಚೆನ್ನೈನ ಪೆರಂಬೂರಿನಲ್ಲಿದ್ದಾರೆ, ಹೋಗಿಬರುವುದು ಅಷ್ಟಕ್ಕಷ್ಟೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಹೋಗಿವೆ. ಕೆನಡಿ ಎಂಬ ಹೆಸರು ಎಲ್ಲಿಯದು ಎನ್ನುವುದು ಒಂದು. ನಿಮ್ಮ ತಂದೆ, ಅವರ ತಂದೆ, ಅವರ ತಂದೆ ಎಂದು ಗಂಡುಸಾಲಿನಲ್ಲೇ ಹಿಂದಕ್ಕೆ ಹೋದರೆ ಯಾವ ಊರಿನ ಯಾವ ಮನುಷ್ಯ ಸಿಗುತ್ತಾನೆ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಆಗಿರಬೇಕೆಂದು ನಿಮ್ಮ ಮನೆಯವರು ನಂಬಿದ್ದಾರೆ, ಪರೀಕ್ಷೆ ಮಾರುವ ಕಂಪನಿಗಳ ಜಾಹೀರಾತೂ ಹಾಗೆಯೇ ನಂಬಿಸುತ್ತದೆ. ಈ ಕೆಲಸದಲ್ಲಿ ನಾನು ಕಂಡ ನಿರಾಸೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಂದಲೇ. ಗಂಡಸರಲ್ಲಿರುವ ವೈ ವರ್ಣತಂತುವಿನ (ಕ್ರೋಮೋಸೋಮಿನ) ಮೇಲೆ ಯಾವ ಹೆಸರನ್ನೂ ಬರೆದಿರುವುದಿಲ್ಲ. ನೀವು ಯಾರ ಜೊತೆಗಾರರು, ಅಂದರೆ ಯಾರ ಗಂಡುಸಾಲಿಗೆ ಹೊಂದುವವರು ಎಂಬುದನ್ನು ಅದು ಹೇಳಬಲ್ಲದು; ಎಲ್ಲಿಯವರು ಎಂಬುದನ್ನು ಆ ಜೊತೆಗಾರರ ದಾಖಲೆಗಳೇ ಹೇಳಬೇಕು.

ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಎರಡು ತುದಿಗಳ ಸಣ್ಣ ಭಾಗಗಳನ್ನು ಬಿಟ್ಟರೆ ಅದು ತಾಯಿಯ ಕಡೆಯ ಯಾವುದರೊಂದಿಗೂ ಬೆರೆಯುವುದಿಲ್ಲವಾದ್ದರಿಂದ, ತಲೆಮಾರುಗಳ ನಂತರವೂ ಹೆಚ್ಚುಕಡಿಮೆ ಹಾಗೆಯೇ ಉಳಿದಿರುತ್ತದೆ. ನಡುವೆ ಆಗೊಮ್ಮೆ ಈಗೊಮ್ಮೆ ಆಗುವ ಸಣ್ಣ ನಕಲುದೋಷಗಳೇ ಒಂದು ಕವಲನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತುಗಳಾಗುತ್ತವೆ. ನಮ್ಮಲ್ಲಿ ಗೋತ್ರ ಸಾಗುವ ದಾರಿಯೂ ಇದೇ. ನಿಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕಿದ್ದರೆ ಸಂವಿಧಾನದ 366(2)ನೆಯ ವಿಧಿಯನ್ನು ನೋಡಿ: ತಂದೆಯಾಗಲಿ, ಗಂಡುಸಾಲಿನ ಬೇರೆ ಯಾವನೇ ಪೂರ್ವಜನಾಗಲಿ ಯುರೋಪಿಯನ್ ಮೂಲದವನಾಗಿದ್ದು, ತಾನು ಭಾರತದಲ್ಲಿ ನೆಲೆಸಿದ ತಂದೆತಾಯಿಗಳಿಗೆ ಇಲ್ಲಿಯೇ ಹುಟ್ಟಿದವನೇ ಆಂಗ್ಲೋ-ಇಂಡಿಯನ್ ಎಂಬುದು ಅದರ ಸಾರ. ಕಾನೂನು ಹಿಡಿದ ಸಾಲೂ ವೈ ವರ್ಣತಂತು ಹಿಡಿಯುವ ಸಾಲೂ ಒಂದೇ ಎನ್ನುವುದು ವಿಚಿತ್ರವಾದರೂ ನಿಜ. ಆದರೆ ನಿಮ್ಮ ಮುತ್ತಾತನ ತಂದೆಯ ತಲೆಮಾರಿನಲ್ಲಿ ನಿಮಗೆ ಹದಿನಾರು ಮಂದಿ ಪೂರ್ವಜರಿದ್ದರು; ಈ ಪರೀಕ್ಷೆಗೆ ಕಾಣುವುದು ಅವರಲ್ಲಿ ಒಬ್ಬ ಮಾತ್ರ.

ಈಗ ನಿಯಾಲನ ವಿಷಯ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐರ್ಲೆಂಡಿನ ವಾಯವ್ಯ ಭಾಗದ ಗಂಡಸರಲ್ಲಿ ಸುಮಾರು ಐದರಲ್ಲೊಬ್ಬರು ಒಂದೇ ಬಗೆಯ ವೈ ವರ್ಣತಂತುವನ್ನು ಹೊಂದಿರುವುದು ಕಂಡುಬಂತು. ಆ ಪ್ರದೇಶವನ್ನು ಶತಮಾನಗಳ ಕಾಲ ಆಳಿದವು ನಿಯಾಲನನ್ನು ಮೂಲಪುರುಷನೆಂದು ಹೇಳಿಕೊಳ್ಳುತ್ತಿದ್ದ ಮನೆತನಗಳಾದ್ದರಿಂದ, ಈ ಗುರುತು ಅವನ ಸಂತತಿಯದಿರಬಹುದು ಎಂದು ಅವರು ಊಹಿಸಿದರು. ಊಹೆ ಆ ದಿನಕ್ಕೆ ಸಮಂಜಸವಾಗಿಯೇ ಇತ್ತು. ಮುಂದೆ ಎಂ222 ಎಂಬ ರೂಪಾಂತರ (ಮೇಲೆ ಹೇಳಿದಂತಹ ನಕಲುದೋಷ) ಈ ಗುಂಪಿನವರ ಸಾಮಾನ್ಯ ಗುರುತೆಂದು ತಿಳಿದು, ಅದನ್ನು ಹೊತ್ತ ಸಾವಿರಾರು ಮಂದಿ ಪರೀಕ್ಷೆಗೆ ಒಳಗಾದ ಮೇಲೆ ಚಿತ್ರ ಬದಲಾಯಿತು. ನಿಯಾಲನನ್ನು ಸಂಪ್ರದಾಯ ಇರಿಸುವುದು ನಾಲ್ಕನೆಯ ಶತಮಾನದ ಕೊನೆ, ಐದನೆಯದರ ಆರಂಭದಲ್ಲಿ. ಎಂ222 ಅದಕ್ಕಿಂತ ಶತಮಾನಗಳಷ್ಟು ಹಳೆಯದೆಂದು ಈಗಿನ ಅಂದಾಜುಗಳು ಹೇಳುತ್ತವೆ. ಅಲ್ಲದೆ ಅದು ದಕ್ಷಿಣ ಸ್ಕಾಟ್ಲೆಂಡಿನಲ್ಲೂ ಸಾಕಷ್ಟು ಹರಡಿದೆ. ಎಂದ ಮೇಲೆ ನಿಯಾಲ್ ಎಂಬವನು ನಿಜಕ್ಕೂ ಇದ್ದು, ಎಂ222 ಗುಂಪಿನವನೇ ಆಗಿದ್ದರೂ, ಆ ಗುಂಪಿನವರೆಲ್ಲ ಅವನ ಮಕ್ಕಳಾಗುವುದಿಲ್ಲ. ಅವನೂ ಅವರಲ್ಲಿ ಒಬ್ಬ, ಅಷ್ಟೆ. ವರದಿಯ ಆ ಸಾಲನ್ನು ಅಲಂಕಾರವೆಂದು ಓದಿಕೊಳ್ಳುವುದು ಮೇಲು.

ಬ್ರಿಯನ್ ಬೋರು ಕಥೆಗೆ ಆಧಾರ ಹೆಸರಿನಲ್ಲಿಯೇ ಇದೆ. 1014ರ ಕ್ಲಾಂಟಾರ್ಫ್ ಕದನದಲ್ಲಿ ಮಡಿದ ಬ್ರಿಯನ್ನನ ತಂದೆಯ ಹೆಸರು ಕೆನೆಟಿಗ್; ಕೆನಡಿ ಅದರದೇ ಇಂಗ್ಲಿಷ್ ರೂಪ. ಬ್ರಿಯನ್ನನ ಅಣ್ಣತಮ್ಮಂದಿರ ಸಾಲಿನಿಂದ ಬಂದ ಓ ಕೆನಡಿಗಳು ಟಿಪರರಿಯ ಉತ್ತರ ಭಾಗದಲ್ಲಿ ಪ್ರಬಲರಾಗಿದ್ದರು. ಬ್ರಿಯನ್ ಸೇರಿದ್ದ ಈ ದಾಲ್ ಗಾಶ್ ಕುಲದ ಮನೆತನಗಳಲ್ಲಿ, ಮುಖ್ಯವಾಗಿ ಓ’ಬ್ರಿಯನ್ನರಲ್ಲಿ, ಆರ್-ಎಲ್226 ಎಂಬ ಗುರುತು ಎದ್ದು ಕಾಣುತ್ತದೆ. ಎಲ್226 ಮತ್ತು ಎಂ222 ಬೇರೆ ಬೇರೆ ಕವಲುಗಳು. ಒಬ್ಬನಲ್ಲಿ ಎರಡೂ ಇರುವುದು ಸಾಧ್ಯವಿಲ್ಲ. ಹಾಗಾಗಿ ನಿಮ್ಮ ಅಣ್ಣನವರ ಫಲಿತಾಂಶ ಸರಿಯಾಗಿದ್ದರೆ, ನಿಮ್ಮ ಗಂಡುಸಾಲು ಬ್ರಿಯನ್ನನ ಮನೆಯದಾಗಿರುವ ಸಂಭವ ತೀರ ಕಡಿಮೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ನಿಯಾಲನ ಕಡೆಗೆ ಪುರಾವೆ ಸಾಲದು, ಬ್ರಿಯನ್ನನ ಕಡೆಗೆ ಪುರಾವೆ ಎದುರಾಗಿಯೇ ಇದೆ.

ನಿಮ್ಮ ಮನೆಯವರು ಗಮನಿಸದೆ ಹೋದ ಸಂಗತಿಯೊಂದಿದೆ. ಕೆನಡಿ ಎಂಬುದು ಐರಿಷ್ ಹೆಸರು ಮಾತ್ರವಲ್ಲ. ಸ್ಕಾಟ್ಲೆಂಡಿನ ನೈಋತ್ಯದಲ್ಲಿ, ಏರ್‌ಶೈರಿನ ಕ್ಯಾರಿಕ್ ಸೀಮೆಯಲ್ಲಿ ಇನ್ನೊಂದು ಕೆನಡಿ ಮನೆತನ ಮಧ್ಯಯುಗದಿಂದಲೂ ಇದೆ. ಅದರ ಯಜಮಾನರಿಗೆ 1509ರಲ್ಲಿ ಕ್ಯಾಸಿಲಿಸ್‌ನ ಅರ್ಲ್ ಪದವಿ ಬಂತು, ಕಡಲದಂಡೆಯ ಕಲೇನ್ ಕೋಟೆ 1945ರವರೆಗೆ ಅವರದೇ ಆಗಿತ್ತು. 1609ರಿಂದ ಅಲ್‌ಸ್ಟರ್‌ನಲ್ಲಿ ಒಕ್ಕಲುಗಳನ್ನು ತಂದು ನೆಲೆಗೊಳಿಸುವ ಕೆಲಸ ಶುರುವಾದಾಗ ಈ ಭಾಗದಿಂದ ಬಹಳ ಜನ ಸಮುದ್ರ ದಾಟಿ ಉತ್ತರ ಐರ್ಲೆಂಡಿಗೆ ಹೋದರು. ಇಕ್ಕಟ್ಟಾದ ಕಡೆ ಆ ಸಮುದ್ರದ ಅಗಲ ಸುಮಾರು 20 ಕಿಲೋಮೀಟರ್ ಮಾತ್ರ. ಅವರು ಪ್ರೆಸ್ಬಿಟೇರಿಯನ್ ಪಂಥದವರು, ಅಂದರೆ ಸ್ಕಾಟ್ಲೆಂಡಿನ ಪ್ರಾಟೆಸ್ಟಂಟರು. ನಿಮ್ಮ 1874ರ ನಮೂದು ಸಿಕ್ಕಿರುವುದು ಅದೇ ಪಂಥದ, ದಂಡಿನ ಸ್ಕಾಟಿಷ್ ಚರ್ಚಿನಲ್ಲಿ. ಟಿಪರರಿಯ ಕೆನಡಿಯೊಬ್ಬ ಕ್ಯಾಥೊಲಿಕ್ ಆಗಿರುವುದೇ ಹೆಚ್ಚು ಸಹಜ, ಅವನಿಗೆ ಬೆಂಗಳೂರಿನಲ್ಲಿ ತನ್ನದೇ ಪಂಥದ ಚರ್ಚುಗಳಿಗೆ ಕೊರತೆಯಿರಲಿಲ್ಲ. ಇದನ್ನೇ ತೀರ್ಪೆಂದು ಹಿಡಿಯಬೇಡಿ, ಏಕೆಂದರೆ ಹೆಂಡತಿಯ ಪಂಥವೇ ಮಗುವಿನ ದೀಕ್ಷಾಸ್ನಾನವನ್ನು ನಿರ್ಧರಿಸಿದ್ದಿರಬಹುದು. ಆದರೂ ಎಂ222 ಗುರುತನ್ನೂ ಈ ಚರ್ಚನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ನಾನು ಮೊದಲು ಹುಡುಕುವುದು ಏರ್‌ಶೈರ್ ಅಥವಾ ಅಲ್‌ಸ್ಟರ್ ಕಡೆ. ಟಿಪರರಿ ಅದರ ನಂತರ. ಅಮೆರಿಕದ ಅಧ್ಯಕ್ಷರ ನೆಂಟಸ್ತನವಂತೂ ಈ ಎರಡಕ್ಕೂ ದೂರ. ಅವರ ಮುತ್ತಾತ ವಲಸೆ ಹೋದದ್ದು ವೆಕ್ಸ್‌ಫರ್ಡ್ ಸೀಮೆಯ ಡಂಗನ್ಸ್‌ಟೌನ್ ಎಂಬ ಹಳ್ಳಿಯಿಂದ. ಹೆಸರು ಪ್ರಸಿದ್ಧವಾದ ಮೇಲೆ ನೆಂಟರು ಹೆಚ್ಚುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಹೆಸರೂ ವರ್ಣತಂತುವೂ ಎಷ್ಟು ದೂರ ಜೊತೆಯಾಗಿ ನಡೆಯುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಆತಂಕದ ಬೇರು ಅಲ್ಲಿದೆ. ಐರ್ಲೆಂಡಿನಲ್ಲಿ ವಂಶಪಾರಂಪರ್ಯ ಹೆಸರುಗಳು ಯುರೋಪಿನಲ್ಲೇ ಬಹಳ ಮುಂಚೆ, ಹತ್ತು-ಹನ್ನೊಂದನೆಯ ಶತಮಾನಗಳಲ್ಲಿ, ನೆಲೆಗೊಂಡವು. ‘ಓ’ ಎಂದರೆ ಮೊಮ್ಮಗ ಅಥವಾ ಸಂತತಿ, ‘ಮ್ಯಾಕ್’ ಎಂದರೆ ಮಗ. ಟ್ರಿನಿಟಿ ಕಾಲೇಜಿನವರೇ 43 ಐರಿಷ್ ಹೆಸರುಗಳ 1,125 ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಒಂದೇ ಹೆಸರಿನ ಇಬ್ಬರ ವೈ ವರ್ಣತಂತು ಹೊಂದುವ ಸಾಧ್ಯತೆ ಉಳಿದವರಿಗಿಂತ ಸರಾಸರಿ 30 ಪಟ್ಟು ಹೆಚ್ಚೆಂದು ತಿಳಿಯಿತು. ರಯಾನ್, ಓ’ಸಲಿವನ್‌ನಂತಹ ಹೆಸರುಗಳಿಗೆ ಒಬ್ಬನೇ ಮುಖ್ಯ ಮೂಲಪುರುಷನಿದ್ದಂತೆ ಕಂಡರೆ, ಮರ್ಫಿ, ಕೆಲ್ಲಿಗಳಿಗೆ ಹಲವರಿದ್ದರು. ಆದರೆ ಅದೇ ಅಧ್ಯಯನದ ಇನ್ನೊಂದು ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ: ಒಬ್ಬನೇ ಮುಖ್ಯ ಮೂಲಪುರುಷನಿದ್ದ ಹೆಸರುಗಳಲ್ಲೂ ಈಗಿನವರೆಲ್ಲ ಆ ಒಬ್ಬನ ಸಾಲಿಗೆ ಸೇರಿದವರಾಗಿರಲಿಲ್ಲ.

ಇದಕ್ಕೆ ಜನ ಕೂಡಲೇ ಊಹಿಸುವ ಕಾರಣ ಒಂದೇ. ವಾಸ್ತವವಾಗಿ ಮಗುವಿನ ಜನಕ ಬೇರೆಯಾಗಿರುವ ಪ್ರಕರಣಗಳು ಪಶ್ಚಿಮ ಯುರೋಪಿನಲ್ಲಿ ತಲೆಮಾರಿಗೆ ನೂರಕ್ಕೆ ಒಂದೆರಡರ ಆಸುಪಾಸಿನಲ್ಲಿವೆ ಎಂದು ಅಧ್ಯಯನಗಳು ತೋರಿಸಿವೆ. ನೂರಕ್ಕೆ ಒಂದು ಎಂದೇ ಹಿಡಿದರೂ ಮೂವತ್ತು ತಲೆಮಾರುಗಳಲ್ಲಿ ಸಾಲು ಒಮ್ಮೆಯಾದರೂ ತುಂಡಾಗುವ ಸಂಭವ ಕಾಲುಭಾಗವನ್ನು ದಾಟುತ್ತದೆ. ಉಳಿದದ್ದೆಲ್ಲ ಯಾರ ತಪ್ಪೂ ಇಲ್ಲದೆ ಆದದ್ದು. ಅನಾಥ ಮಗು ಸೋದರಮಾವನ ಹೆಸರಿನಲ್ಲಿ ಬೆಳೆಯಿತು. ವಿಧವೆ ಮರುಮದುವೆಯಾದಾಗ ಮಕ್ಕಳು ಮಲತಂದೆಯ ಹೆಸರು ಹಿಡಿದರು. ಆಸ್ತಿ ಬರಬೇಕಾದರೆ ಹೆಸರು ಬದಲಿಸಬೇಕೆಂಬ ಷರತ್ತನ್ನು ಅಳಿಯ ಒಪ್ಪಿಕೊಂಡ. ಕಮ್ಮಾರನೆಂಬ ಅರ್ಥದ ಮ್ಯಾಕ್‌ಗವನ್ ಎಷ್ಟೋ ಕಡೆ ನೇರವಾಗಿ ಅನುವಾದಗೊಂಡು ಸ್ಮಿತ್ ಆಯಿತು. ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಂತೂ ಸಾಮಾನ್ಯ ಜನರ ಹೆಸರುಗಳು ನೆಲೆನಿಂತದ್ದು ಬಹಳ ತಡವಾಗಿ, 17-18ನೆಯ ಶತಮಾನಗಳಲ್ಲಿ. ಅಲ್ಲಿ ನಾಯಕನ ನೆಲದಲ್ಲಿ ಒಕ್ಕಲಾಗಿದ್ದವನು ನಾಯಕನ ಹೆಸರನ್ನೇ ಇಟ್ಟುಕೊಳ್ಳುವುದು ಸಹಜವಾಗಿತ್ತು. ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ 1603ರಲ್ಲಿ ಸರ್ಕಾರ ನಿಷೇಧಿಸಿತು. ನಡುವೆ ಸ್ವಲ್ಪ ಕಾಲ ಸಡಿಲಗೊಂಡ ಆ ನಿಷೇಧ ಪೂರ್ತಿ ರದ್ದಾದದ್ದು 1774ರಲ್ಲಿ. ಅಷ್ಟರೊಳಗೆ ಆ ಕುಲದವರು ಬೇರೆ ಬೇರೆ ಹೆಸರುಗಳಲ್ಲಿ ಚದುರಿಹೋಗಿದ್ದರು. ಇಂದು ಬೇರೆ ಹೆಸರಿನವನೊಬ್ಬ ಮ್ಯಾಕ್‌ಗ್ರೆಗರ್ ಸಾಲಿಗೆ ಹೊಂದಿದರೆ ಅದರಲ್ಲಿ ಅವನ ಅಜ್ಜಿಯ ಮರ್ಯಾದೆಯ ಪ್ರಶ್ನೆ ಏನೂ ಇಲ್ಲ.

ದೊಡ್ಡ ಮನೆತನಗಳ ಕಥೆಯೂ ಹೀಗೆಯೇ. 1164ರಲ್ಲಿ ಸತ್ತ ಸಾಮರ್ಲೆಡ್‌ನನ್ನು ಮೂಲಪುರುಷನೆಂದು ಹೇಳುವ ಡೊನಾಲ್ಡ್ ಕುಲದ ವಂಶಾವಳಿ ಅವನನ್ನು ಐರ್ಲೆಂಡಿನ ಪ್ರಾಚೀನ ರಾಜರಿಗೆ ಜೋಡಿಸುತ್ತದೆ. ಆ ಕುಲದ ನಾಯಕರ ಸಾಲುಗಳಲ್ಲಿ ಸಿಕ್ಕಿದ್ದು ಮಾತ್ರ ನಾರ್ವೆಯ ಕಡೆಗೆ ಕೈತೋರಿಸುವ ಆರ್1ಎ ಗುಂಪು. ಭಾರತದ ಓದುಗರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಆರ್1ಎ ನಮ್ಮ ದೇಶದಲ್ಲೂ ಸಾಮಾನ್ಯ, ಆದರೆ ಇಲ್ಲಿಯದು ಬಹುಪಾಲು ಜ಼ಡ್93 ಎಂಬ ಕವಲು. ಸ್ಕ್ಯಾಂಡಿನೇವಿಯದ ಕವಲು ಬೇರೆ. ಮ್ಯಾಕ್‌ಡೊನಾಲ್ಡ್ ಹೆಸರಿನ ಆಂಗ್ಲೋ-ಇಂಡಿಯನ್ ಒಬ್ಬರು ಬರಿಯ ‘ಆರ್1ಎ’ ಎಂಬ ವರದಿಯನ್ನು ಹಿಡಿದು ಸಾಮರ್ಲೆಡ್ ವಂಶವೃಕ್ಷ ಬರೆಸಿಕೊಂಡು ನನ್ನ ಬಳಿ ಬಂದಿದ್ದರು. ಮುಂದಿನ ಹಂತದ ಪರೀಕ್ಷೆಯಲ್ಲಿ ಅದು ಅಪ್ಪಟ ಭಾರತದ ಕವಲೆಂದು ತಿಳಿಯಿತು. ತುಸು ಹೊತ್ತು ಸುಮ್ಮನಿದ್ದು, ‘ಹಾಗಾದರೆ ಹೆಸರು ಕೊಟ್ಟ ಆ ಪುಣ್ಯಾತ್ಮ ಯಾರು?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ದತ್ತು, ಮತಾಂತರದ ವೇಳೆ ಧರ್ಮಪಿತನ ಹೆಸರು, ತಾಯಿಯ ಕಡೆಯ ಹೆಸರು ಹೀಗೆ ಹಲವು ದಾರಿಗಳಿದ್ದವು, ಅವರ ಮನೆಯ ಮಟ್ಟಿಗೆ ದಾರಿ ಯಾವುದೆಂದು ಕೊನೆಗೂ ತಿಳಿಯಲಿಲ್ಲ.

ಈ ಹಿನ್ನೆಲೆಯಲ್ಲಿ ಪರೀಕ್ಷೆಯ ಮಾತಿಗೆ ಬರೋಣ. ನಿಮ್ಮ ಅಣ್ಣ ಮಾಡಿಸಿದ್ದು ಇಡೀ ಡಿಎನ್‌ಎಯ ಮೇಲೆ ಕಣ್ಣಾಡಿಸಿ, ವೈ ಗುಂಪನ್ನು ಸ್ಥೂಲವಾಗಿ ಹೇಳುವ ಅಗ್ಗದ ಪರೀಕ್ಷೆ ಇರಬೇಕು. ವೈ ವರ್ಣತಂತುವಿಗೇ ಮೀಸಲಾದ ಪರೀಕ್ಷೆಗಳು ಎರಡು ಬಗೆಯವು. ಒಂದು, ಡಿಎನ್‌ಎಯ ಸಣ್ಣ ತುಣುಕುಗಳ ಪುನರಾವರ್ತನೆಗಳನ್ನು ಎಣಿಸುವುದು; 12, 37, 67, 111 ಸ್ಥಾನಗಳಲ್ಲಿ ಎಣಿಸಿ ಇಬ್ಬರ ನಡುವೆ ಎಷ್ಟು ವ್ಯತ್ಯಾಸವಿದೆ ಎಂದು ನೋಡುತ್ತಾರೆ. ಇದರಲ್ಲಿ 12 ಸ್ಥಾನಗಳ ಹೊಂದಾಣಿಕೆಯಿಂದ ಪ್ರಯೋಜನವಿಲ್ಲ, ಎಂ222 ಗುಂಪಿನವರಿಗಂತೂ ಅದು ದಾರಿ ತಪ್ಪಿಸುತ್ತದೆ: ಗುಂಪು ದೊಡ್ಡದು, ಎಲ್ಲರ ಎಣಿಕೆಗಳೂ ಹತ್ತಿರ ಹತ್ತಿರ, ಆದ್ದರಿಂದ ಸಂಬಂಧವೇ ಇಲ್ಲದ ನೂರಾರು ಹೆಸರುಗಳು ಪಟ್ಟಿಯಲ್ಲಿ ಬಂದು ಕೂರುತ್ತವೆ. ಕನಿಷ್ಠ 37 ಬೇಕು, 111 ಇದ್ದರೆ ಒಳ್ಳೆಯದು. ಎರಡನೆಯದು, ವರ್ಣತಂತುವಿನ ಲಕ್ಷಾಂತರ ಅಕ್ಷರಗಳನ್ನು ಓದಿ ಹೊಸ ರೂಪಾಂತರಗಳನ್ನು ಹುಡುಕುವ ‘ಬಿಗ್ ವೈ’ ಬಗೆಯ ಪರೀಕ್ಷೆ. ಸರಾಸರಿ ಎರಡು-ಮೂರು ತಲೆಮಾರಿಗೊಂದರಂತೆ ಗುರುತುಗಳು ಸಿಗುವುದರಿಂದ, ಎಂ222ರ ಕೆಳಗಿನ ನೂರಾರು ಸಣ್ಣ ಕವಲುಗಳಲ್ಲಿ ನಿಮ್ಮದು ಯಾವುದೆಂದು ಇದು ಹೇಳುತ್ತದೆ. ಏರ್‌ಶೈರಿನ ಕೆನಡಿ, ಅಲ್‌ಸ್ಟರಿನ ಕೆನಡಿ ಎಂದು ಬೇರ್ಪಡಿಸುವ ಆಸೆಯಿದ್ದರೆ ಇದೊಂದೇ ದಾರಿ. ಬೆಲೆ ಮಾತ್ರ ಮೊದಲನೆಯದಕ್ಕಿಂತ ಹಲವು ಪಟ್ಟು.

ಆದರೆ ನೀವೇ ಮಾಡಿಸಬೇಕೇ? ನನ್ನ ಸಲಹೆ ಬೇರೆ. ನೀವೂ ನಿಮ್ಮ ಅಣ್ಣನೂ ಹೊಂದಿಕೊಂಡರೆ ರುಜುವಾಗುವುದು ನಿಮ್ಮಿಬ್ಬರ ತಾತನವರೆಗಿನ ಸಾಲು ಮಾತ್ರ. ಅದರಲ್ಲಿ ನಿಮಗೆ ಸಂಶಯವೇನೂ ಇದ್ದಂತಿಲ್ಲ. ಪೆರಂಬೂರಿನ ಮನೆಯ ಗಂಡಸೊಬ್ಬರು ನಿಮ್ಮ ಅಣ್ಣನಿಗೆ ಹೊಂದಿದರೆ, ಆ ಗುರುತು 1874ರ ಪಿಂಚಣಿದಾರನದೇ ಎಂದು ಒಂದೇ ಏಟಿಗೆ ಗಟ್ಟಿಯಾಗುತ್ತದೆ. ಆದ್ದರಿಂದ ನಿಮ್ಮ ಹಣದಲ್ಲಿ ಅವರಿಗೆ 37 ಸ್ಥಾನಗಳ ಪರೀಕ್ಷೆ, ನಿಮ್ಮ ಅಣ್ಣನಿಗೆ ಮೊದಲು ಅದೇ, ಇಬ್ಬರದೂ ಹೊಂದಿದ ಮೇಲೆ ಒಬ್ಬರಿಗೆ ಮಾತ್ರ ‘ಬಿಗ್ ವೈ’: ಇದು ಹಣ ಉಳಿಸುವ ಕ್ರಮ. ಬಹುಕಾಲದ ಮೇಲೆ ಫೋನ್ ಮಾಡಿದ ನೆಂಟ ನೇರವಾಗಿ ಜೊಲ್ಲು ಕೇಳಿದರೆ ಚೆನ್ನಾಗಿರುವುದಿಲ್ಲ, ಕ್ರಿಸ್‌ಮಸ್‌ಗೆ ಒಮ್ಮೆ ಹೋಗಿಬನ್ನಿ.

ಫಲಿತಾಂಶ ಬಂದ ಮೇಲೂ ಉತ್ತರ ತಾನಾಗಿ ಬರುವುದಿಲ್ಲ. ಪರೀಕ್ಷಾ ಕಂಪನಿಗಳ ದತ್ತಾಂಶದಲ್ಲಿರುವವರಲ್ಲಿ ಬಹುಪಾಲು ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಿಗೆ ವಲಸೆ ಹೋದವರ ಮಕ್ಕಳು; ಅವರ ಕಾಗದಗಳೂ ಹಡಗಿನ ಪಟ್ಟಿಯ ಹತ್ತಿರ ನಿಂತುಹೋಗಿರುತ್ತವೆ. ನಿಮಗೆ ಬೇಕಾದದ್ದು ಏರ್‌ಶೈರಿನಲ್ಲೋ ಅಲ್‌ಸ್ಟರಿನ ಆಂಟ್ರಿಮ್‌ನಲ್ಲೋ ಇಂದಿಗೂ ಇರುವ, ದಾಖಲೆ ಖಚಿತವಾದ ಕೆನಡಿಯೊಬ್ಬನ ಹೊಂದಾಣಿಕೆ. ಈ ಹೆಸರಿನವರ ಫಲಿತಾಂಶಗಳನ್ನು ಒಟ್ಟುಗೂಡಿಸುವ ಸ್ವಯಂಸೇವಕರ ಗುಂಪಿಗೆ ಸೇರಿ, ನಿಮ್ಮ ಕವಲಿಗೆ ಹತ್ತಿರದವರು ಅಲ್ಲಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಕಾಯಬೇಕಾಗುತ್ತದೆ, ವರ್ಷಗಟ್ಟಲೆ ಕಾದವರನ್ನು ನಾನು ಬಲ್ಲೆ.

ಹೊಂದದಿದ್ದರೆ ಎಂಬ ನಿಮ್ಮ ಭಯವನ್ನು ಹಗುರವಾಗಿ ಕಾಣಲಾರೆ. ಪೆರಂಬೂರಿನವರ ಫಲಿತಾಂಶ ಬೇರೆಯೇ ಬಂದರೆ, ತುಂಡಾದದ್ದು ಯಾವ ಕವಲಿನಲ್ಲಿ ಎಂದು ತಿಳಿಯಲು ಮೂರನೆಯವರ, ಅಂದರೆ ಬಹುಶಃ ನಿಮ್ಮ, ಪರೀಕ್ಷೆ ಬೇಕಾಗುತ್ತದೆ. ಆಗ ಮಾತು ನಿಮ್ಮ ತಾತನ ಕಾಲಕ್ಕೋ ತಂದೆಯ ಕಾಲಕ್ಕೋ ಬಂದು ನಿಲ್ಲಬಹುದು. ನಿಮ್ಮ ಪತ್ನಿಯ ಮಾತಿನಲ್ಲಿರುವ ವಿವೇಕ ಇದೇ. ಅಲ್ಲದೆ ನಿಮ್ಮ ವೈ ವರ್ಣತಂತು ನಿಮ್ಮೊಬ್ಬರದಲ್ಲ, ನಿಮ್ಮ ಅಣ್ಣತಮ್ಮಂದಿರದು, ಮಗನದು ಕೂಡ. ಅದಕ್ಕೇ, ಪರೀಕ್ಷೆಯ ಕೊಳವೆಯನ್ನು ತರಿಸುವ ಮುಂಚೆಯೇ ಅವರೆಲ್ಲರಿಗೂ ಹೇಳಿ, ಬೇರೆ ಫಲಿತಾಂಶ ಬಂದರೆ ಯಾರಿಗೆ ತಿಳಿಸಬೇಕು, ಯಾರಿಗೆ ಬೇಡ ಎಂದು ಮೊದಲೇ ಮಾತಾಡಿಕೊಳ್ಳಿ. ದತ್ತಾಂಶದ ಸುರಕ್ಷತೆಯೂ ಕಡೆಗಣಿಸುವ ವಿಷಯವಲ್ಲ: 2023ರಲ್ಲಿ ಡಿಎನ್‌ಎ ಪರೀಕ್ಷೆ ಮಾರುವ 23ಆ್ಯಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಬಳಕೆದಾರರ ಮಾಹಿತಿ ಸೋರಿಕೆಯಾಯಿತು, 2025ರಲ್ಲಿ ಅದು ದಿವಾಳಿ ಅರ್ಜಿಯನ್ನೂ ಸಲ್ಲಿಸಿತು. ಪೂರ್ಣ ಹೆಸರಿನ ಬದಲು ಮೊದಲಕ್ಷರಗಳನ್ನು ಕೊಡಿ, ಪೊಲೀಸ್ ಹುಡುಕಾಟಕ್ಕೆ ಒಪ್ಪಿಗೆ ಕೇಳುವ ಜಾಗವನ್ನು ಓದದೆ ಗುರುತು ಹಾಕಬೇಡಿ.

ಪಾಸ್‌ಪೋರ್ಟಿನ ವಿಷಯ ಎರಡೇ ಮಾತಿನದು. ಅಜ್ಜ ಅಥವಾ ಅಜ್ಜಿ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ದರೆ, ಇಲ್ಲವೇ ತಾನು ಹುಟ್ಟುವ ಹೊತ್ತಿಗೆ ತಂದೆ ಅಥವಾ ತಾಯಿ ಐರಿಷ್ ಪ್ರಜೆಯಾಗಿದ್ದರೆ ಹಕ್ಕು ಬರುತ್ತದೆ. ಅದೂ ಜನನಪತ್ರಗಳ ಮೇಲೆ. ನಿಮ್ಮ ಮಗನಿಗೆ ಆ ಪಿಂಚಣಿದಾರ ಬಹಳ ದೂರ, ಎಂ222 ಅಲ್ಲಿ ಚಲಾವಣೆಯ ನಾಣ್ಯವೇ ಅಲ್ಲ. ಗೋಡೆಯ ಲಾಂಛನದ ಫಲಕವೂ ಅಷ್ಟೆ. ಸ್ಕಾಟ್ಲೆಂಡಿನ ಕಾನೂನಿನಲ್ಲಿ ಲಾಂಛನ ವ್ಯಕ್ತಿಗೆ ಸೇರಿದ್ದು, ಹೆಸರಿಗಲ್ಲ. ಚೆಂದ ಕಂಡರೆ ಇರಲಿ ಬಿಡಿ.

ಪರೀಕ್ಷೆಗೆ ಮುಂಚೆ ಮಾಡಬೇಕಾದ ಕೆಲಸವನ್ನು ಕೊನೆಗೆ ಹೇಳುತ್ತಿದ್ದೇನೆ, ಏಕೆಂದರೆ ಅದರ ಬೆಲೆ ಇಷ್ಟೆಲ್ಲ ಓದಿದ ಮೇಲೆಯೇ ತಿಳಿಯುವುದು. ನಿಮ್ಮ ನಮೂದಿನಲ್ಲಿರುವ ‘ಪಿಂಚಣಿದಾರ’ ಎಂಬ ಒಂದು ಪದ ಡಿಎನ್‌ಎಗಿಂತ ಹೆಚ್ಚು ಹೇಳಬಲ್ಲದು. ಸೈನಿಕನನ್ನು ಸೇರಿಸಿಕೊಳ್ಳುವಾಗ ಹುಟ್ಟೂರನ್ನು ಬರೆದುಕೊಳ್ಳುವ ರೂಢಿ ಇತ್ತು. ಅವನು ರಾಣಿಯ ಸೇನೆಯವನಾಗಿದ್ದರೆ, ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಡಬ್ಲ್ಯುಒ 97’ ಎಂಬ ಶ್ರೇಣಿಯಲ್ಲಿವೆ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯವನಾಗಿದ್ದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಬೇಕು. ಮದ್ರಾಸ್ ಪ್ರಾಂತದ ದೀಕ್ಷಾಸ್ನಾನ, ಮದುವೆ, ಅಂತ್ಯಕ್ರಿಯೆಗಳ ಪ್ರತಿಗಳು ಅಲ್ಲಿ ‘ಎನ್/2’ ಶ್ರೇಣಿಯಲ್ಲಿವೆ. ಕಂಪನಿಯ ಹಳೆಯ ಮದ್ರಾಸ್ ಯುರೋಪಿಯನ್ ದಳವೇ 1881ರಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು. ‘ನಮ್ಮ ಅಜ್ಜ ಡಬ್ಲಿನ್ ದಳದವರು’ ಎಂಬ ನೆನಪಿನಿಂದಲೇ ಐರಿಷ್ ಆಗಿಬಿಟ್ಟ ಮನೆಗಳನ್ನು ಕಂಡಿದ್ದೇನೆ, ನಿಮ್ಮದೂ ಹಾಗೆ ಆಗಿರಬಹುದೇ ಎಂದು ಹಿರಿಯರನ್ನು ಕೇಳಿ ನೋಡಿ. ಹುಟ್ಟೂರು ಸ್ಕಾಟ್ಲೆಂಡಿನದೆಂದು ತಿಳಿದರೆ ನಿಮ್ಮ ಅದೃಷ್ಟ: ಅಲ್ಲಿನ ಹಳೆಯ ಪ್ಯಾರಿಷ್ ಪುಸ್ತಕಗಳು ಬಹುಮಟ್ಟಿಗೆ ಉಳಿದಿವೆ. ಐರ್ಲೆಂಡಿನದಾದರೆ ಹೆಚ್ಚು ಕಷ್ಟ. 1922ರಲ್ಲಿ ಡಬ್ಲಿನ್‌ನ ದಾಖಲೆಗಳ ಭಂಡಾರ ಸುಟ್ಟುಹೋದಾಗ 1821ರಿಂದ 1851ರವರೆಗಿನ ಜನಗಣತಿಗಳಲ್ಲಿ ಹೆಚ್ಚಿನವು ಬೂದಿಯಾದವು, 1847ರಿಂದ 1864ರ ನಡುವೆ ಅಚ್ಚಾದ ಗ್ರಿಫಿತ್ ಜಮೀನು ಮೌಲ್ಯಮಾಪನದಂತಹ ಪಟ್ಟಿಗಳನ್ನೇ ಆಶ್ರಯಿಸಬೇಕಾಗುತ್ತದೆ.

ನಿಮ್ಮಲ್ಲಿರುವುದು 1874ರ ನಮೂದಿನ ನಕಲು ಮಾತ್ರವಾಗಿದ್ದರೆ, ಚರ್ಚಿನವರ ಅನುಮತಿ ಪಡೆದು ಮೂಲ ಪುಸ್ತಕವನ್ನೇ ನೋಡಿ, ಆ ಸಾಲನ್ನಷ್ಟೇ ಅಲ್ಲ, ಇಡೀ ಪುಟದ ಫೋಟೊ ತೆಗೆಯಿರಿ. ಪಿಂಚಣಿದಾರನ ದಳದ ಹೆಸರನ್ನು ಗುಮಾಸ್ತರು ಎಷ್ಟೋ ಸಲ ಅಂಚಿನಲ್ಲಿ ಬರೆದಿರುತ್ತಾರೆ, ನಕಲು ಮಾಡುವವರು ಅದನ್ನು ಬಿಟ್ಟಿರುತ್ತಾರೆ.